ಮೂಲೆ ಕೋಣೆಯ ಬೀಗ

ನನಗೆ ಆಸ್ಪತ್ರೆಯಲ್ಲಿ ಜಗಳಗಂಟಿ ಎಂಬ ಹೆಸರಿದೆ. ಎದುರಿಗೆ ಮೇಡಂ ಎನ್ನುತ್ತಾರೆ, ಬೆನ್ನ ಹಿಂದೆ ಇದು. ನನಗೇನೂ ಬೇಜಾರಿಲ್ಲ. ಹೃದಯದ ಡಾಕ್ಟರಾಗಿ ಇಷ್ಟು ವರ್ಷ ದುಡಿದಿದ್ದೇನೆ. ನಯವಾಗಿ ಕೇಳಿ ನನಗೆ ಸಿಕ್ಕಿದ್ದು ಒಂದು ತಿರುಗುವ ಕುರ್ಚಿ, ಅದರ ಒಂದು ಚಕ್ರವೂ ಮುರಿದಿತ್ತು. ಉಳಿದದ್ದೆಲ್ಲ ಜಗಳವಾಡಿಯೇ ಸಿಕ್ಕಿದ್ದು.

ನಮ್ಮ ಆಸ್ಪತ್ರೆ ಎಂದರೆ ಎರಡು ಕಟ್ಟಡ. ರಸ್ತೆಯ ಈಚೆ ಹೃದಯದ ಕಟ್ಟಡ, ಆಚೆ ಕ್ಯಾನ್ಸರ್ ಕಟ್ಟಡ. ಎರಡಕ್ಕೂ ಒಂದೇ ಬೋರ್ಡು, ಒಂದೇ ಬಣ್ಣ. ಆದರೆ ಪಾಲಾದ ಅಣ್ಣತಮ್ಮಂದಿರ ಮನೆಗಳ ಹಾಗೆ, ಒಬ್ಬರ ಮನೆಯಲ್ಲಿ ಏನು ನಡೆಯುತ್ತಿದೆ ಎಂದು ಇನ್ನೊಬ್ಬರಿಗೆ ಗೊತ್ತಿಲ್ಲ. ಕ್ಯಾನ್ಸರಿನ ಕೆಲವು ಔಷಧಿಗಳು ಹೃದಯಕ್ಕೆ ಹೊಡೆತ ಕೊಡುತ್ತವೆ. ಹೊಡೆತ ಬಿದ್ದ ಕೂಡಲೇ ಆಚೆಯವರು ರೋಗಿಯನ್ನು ಈಚೆ ಕಳಿಸುತ್ತಾರೆ. ಈಚೆಯವರು 'ಆ ಔಷಧಿ ನಿಲ್ಲಿಸಿ' ಎಂದು ಬರೆದು ಆಚೆ ಕಳಿಸುತ್ತಾರೆ. ಇಬ್ಬರೂ ಕೈ ತೊಳೆದುಕೊಂಡ ಹಾಗಾಯಿತು, ರೋಗಿ ಮಾತ್ರ ರಸ್ತೆ ದಾಟುತ್ತಲೇ ಇರಬೇಕು. ಗಡ್ಡೆಯನ್ನು ಗೆದ್ದು ಬಂದು ನಮ್ಮ ವಾರ್ಡಿನಲ್ಲಿ ಉಸಿರಿಗೆ ಒದ್ದಾಡಿ ಹೋದವರನ್ನು ಕಂಡಿದ್ದೇನೆ. ಹೃದಯ ಉಳಿಯಲಿ ಎಂದು ಔಷಧಿ ಬಿಟ್ಟು, ಗಡ್ಡೆ ಮರಳಿ ಬಂದು ಹೋದವರನ್ನೂ ಕಂಡಿದ್ದೇನೆ. ಎರಡೂ ಸಲ ನನಗೆ ಸಿಟ್ಟೇ ಬಂದಿತ್ತು.

ಅದಕ್ಕೆ ನಾನು ಕೇಳಿದ್ದು ದೊಡ್ಡದೇನಲ್ಲ. ಕ್ಯಾನ್ಸರ್ ಕಟ್ಟಡದ ಒಳಗೇ, ಡ್ರಿಪ್ ಹಾಕುವ ಹಾಲಿನ ಪಕ್ಕದಲ್ಲೇ, ಹೃದಯ ನೋಡುವ ಒಂದು ಕೋಣೆ. ಔಷಧಿ ನಡೆಯುತ್ತಿರುವಾಗಲೇ ಹೃದಯಕ್ಕೆ ಕಾವಲು. ಹಾಲಿನ ಹೊರಗೆ, ಮೊಗಸಾಲೆಯ ಮೂಲೆಯಲ್ಲಿ ಅಂಥದ್ದೊಂದು ಕೋಣೆ ಬೀಗ ಹಾಕಿಕೊಂಡು ಬಿದ್ದೂ ಇತ್ತು. ಕೇಳಬೇಕಾದದ್ದು ಆಡಳಿತಾಧಿಕಾರಿಯನ್ನು. ಅವರಿಗೆ ಇಡೀ ಆಸ್ಪತ್ರೆ ಇಟ್ಟಿರುವ ಹೆಸರು ನೋಡೋಣ ಸಾಹೇಬರು. ಸಂಬಳ ಕೇಳಿ, ರಜೆ ಕೇಳಿ, ಫ್ಯಾನು ಕೇಳಿ, ಉತ್ತರ ಅದೊಂದೇ.

"ಆ ಕೋಣೆ ಗಣ್ಯರ ವಿಶ್ರಾಂತಿಗೆ ಅಂತ ಪ್ಲಾನ್ ಇದೆ ಮೇಡಂ," ಎಂದರು ಸಾಹೇಬರು.

"ಯಾವ ಗಣ್ಯರು? ಈವರೆಗೆ ಅಲ್ಲಿ ಒಂದು ಜಿರಳೆ ಬಿಟ್ರೆ ಯಾರೂ ವಿಶ್ರಾಂತಿ ತಗೊಂಡಿಲ್ಲ."

"ಅದರ ಕೀ ಕೂಡ ಎಲ್ಲಿದೆಯೋ ಗೊತ್ತಿಲ್ಲ. ಮೊದಲು ಕೀ ಸಿಗಲಿ, ಆಮೇಲೆ ನೋಡೋಣ."

ಇದು ನಡೆಯುತ್ತಿದ್ದ ದಿನಗಳಲ್ಲೇ ಬೀಗದಕ್ಕ ನನ್ನ ಬಳಿ ಬಂದಿದ್ದು. ಮಾರ್ಕೆಟ್ ರಸ್ತೆಯಲ್ಲಿ ಬೀಗ ರಿಪೇರಿ ಮಾಡಿ, ಬೀಗದ ಕೈ ಕೊರೆದು ಕೊಡುವ ಸಣ್ಣ ಅಂಗಡಿ ಅವಳದು. ಮಾವನಿಂದ ಕಲಿತ ವಿದ್ಯೆ. ಗಂಡ ಲಾರಿ ಡ್ರೈವರ್, ಊರಲ್ಲಿ ಇರುವುದಕ್ಕಿಂತ ಇಲ್ಲದಿರುವುದೇ ಹೆಚ್ಚು. ಹೀಗಾಗಿ ಜೊತೆಗೆ ಬಂದಿದ್ದು ಅವಳ ಅತ್ತೆ. ಕಡ್ಡಿಯಂಥ ಮುದುಕಿ, ಹೆಗಲಿಗೆ ತನಗಿಂತ ದಪ್ಪದ ಚೀಲ.

ಬೀಗದಕ್ಕನ ಎಡ ಸ್ತನದ ಗಡ್ಡೆಯನ್ನು ಆಪರೇಷನ್ ಮಾಡಿ ತೆಗೆದಿದ್ದರು. ಅದು ಮರಳಿ ಬರದಂತೆ ಒಂದು ವರ್ಷ, ಮೂರು ವಾರಕ್ಕೊಮ್ಮೆ ಡ್ರಿಪ್ಪಿನಲ್ಲಿ ಒಂದು ಔಷಧಿ ಕೊಡಬೇಕಿತ್ತು. ಅವಳಿಗೆ ಬಂದಿದ್ದ ಬಗೆಯ ಗಡ್ಡೆಗೆ ಹೇಳಿ ಮಾಡಿಸಿದಂಥ ಔಷಧಿ ಅದು. ಅರ್ಧ ದಾರಿಯಲ್ಲಿ ಅವಳ ಹೃದಯದ ಬಲ ಇಳಿಯಿತು. ಒಂದು ಬಡಿತಕ್ಕೆ ಹೃದಯ ತನ್ನೊಳಗಿನ ರಕ್ತದಲ್ಲಿ ನೂರಕ್ಕೆ ಎಷ್ಟು ಪಾಲು ಹೊರಗೆ ತಳ್ಳುತ್ತದೆ ಎಂದು ನಾವು ಎಕೋ ಯಂತ್ರದಲ್ಲಿ ನೋಡುತ್ತೇವೆ. ಅರವತ್ತರ ಆಸುಪಾಸು ಇದ್ದರೆ ಚೆನ್ನ. ಐವತ್ತಕ್ಕಿಂತ ಇಳಿದರೆ ಔಷಧಿ ನಿಲ್ಲಿಸಬೇಕೆಂದು ಆಚೆ ಕಟ್ಟಡದ ನಿಯಮ. ಅವಳದು ನಲವತ್ತೈದಕ್ಕೆ ಬಂದಿತ್ತು. ಔಷಧಿ ನಿಂತಿತ್ತು.

"ಡಾಕ್ಟ್ರಮ್ಮ, ಅರ್ಧ ತೆಗೆದ ಬೀಗ ಯಾವತ್ತೂ ಹಂಗೇ ಬಿಡಬಾರದು," ಎಂದಳು ಬೀಗದಕ್ಕ. "ಶುರು ಮಾಡಿದ್ದು ಮುಗಿಸಬೇಕು. ನನ್ ಎದೆಗೆ ಏನ್ ಬೇಕೋ ಕೊಡಿ. ಆ ಡ್ರಿಪ್ ಮಾತ್ರ ನಂಗೆ ವಾಪಸ್ ಬೇಕು."

"ಇವಳಿಗೆ ಏನಾದ್ರೂ ಆದ್ರೆ ನಾನ್ ಯಾರ ಜೊತೆ ಜಗಳ ಆಡ್ಲಿ?" ಎಂದಿತು ಮುದುಕಿ, ನನ್ನನ್ನೇ ಗದರಿಸುವ ಹಾಗೆ. ಆ ಕ್ಷಣವೇ ನನಗೆ ಅತ್ತೆ ಸೊಸೆ ಇಬ್ಬರೂ ಇಷ್ಟವಾದರು. ಒಂದೇ ಮನೆಯಲ್ಲಿ ಇಬ್ಬರು ಜಗಳಗಂಟಿಯರು ಬದುಕಿದ್ದಾರೆಂದರೆ ಆ ಮನೆ ಗಟ್ಟಿಯೇ ಇರಬೇಕು.

ಹೃದಯಕ್ಕೆ ಬಲ ಕೊಡುವ ಎರಡು ಬಗೆಯ ಮಾತ್ರೆ ಬರೆದುಕೊಟ್ಟೆ. ತಿಂಗಳು ಬಿಟ್ಟು ಬಂದಳು. ನಲವತ್ತಮೂರು. ಮಾತ್ರೆ ತಗೊಳ್ತಿದೀರಾ ಎಂದರೆ ತಪ್ಪದೇ ಎಂದಳು. ನಾಡಿ ನಿಧಾನವಾಗಿತ್ತು, ರಕ್ತದೊತ್ತಡ ಹದವಾಗಿತ್ತು. ಮಾತ್ರೆ ಒಳಗೆ ಹೋಗಿದೆ ಎಂದು ಎಲ್ಲವೂ ಹೇಳುತ್ತಿತ್ತು. ಡೋಸ್ ಏರಿಸಿದೆ. ಮತ್ತೆ ಬಂದಾಗ ನಲವತ್ತೆರಡು. ನನಗೆ ತಲೆಬುಡ ತಿಳಿಯಲಿಲ್ಲ.

ಆಚೆ ಕಟ್ಟಡದ ಕ್ಯಾನ್ಸರ್ ತಜ್ಞರು ಫೋನ್ ಮಾಡಿದರು. ದೊಡ್ಡ ಡಾಕ್ಟರು ಎಂದರೆ ಅವರೇ. ಮಾತು ಕಡಿಮೆ, ನಗು ಇನ್ನೂ ಕಡಿಮೆ. "ಮೇಡಂ, ನಿಮ್ಮ ಮಾತ್ರೆಗೂ ಆ ಹೃದಯ ಬಗ್ತಾ ಇಲ್ಲ. ಇನ್ನು ಆ ಔಷಧಿಯನ್ನ ಶಾಶ್ವತವಾಗಿ ಕೈ ಬಿಡೋದೇ ವಾಸಿ. ಮುಂದಿನ ವಾರ ಬಂದಾಗ ಅವರಿಗೆ ಹೇಳಿಬಿಡ್ತೀನಿ."

"ಒಂದು ವಾರ ತಡೀರಿ."

"ತಡೆದು ಏನ್ ಮಾಡ್ತೀರಾ?"

ಏನು ಮಾಡುತ್ತೇನೆಂದು ನನಗೂ ಗೊತ್ತಿರಲಿಲ್ಲ. ಆದರೆ ಫೋನ್ ಇಟ್ಟ ಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಅವಳು ತಿಂಗಳಿಗೊಮ್ಮೆ ರಸ್ತೆ ದಾಟಿ ನನ್ನ ಮುಂದೆ ಕೂತು ಹೋಗುತ್ತಾಳೆ. ಉಳಿದ ದಿನ ಆಚೆ ಕಟ್ಟಡದಲ್ಲಿ ಅವಳಿಗೆ ಏನು ಹೇಳುತ್ತಾರೆ, ಏನು ಕೊಡುತ್ತಾರೆ ಎಂದು ನನಗೆ ತಿಳಿಯುವ ದಾರಿಯೇ ಇಲ್ಲ. ಕೋಣೆ ಕೊಡುವವರೆಗೆ ಕಾಯುತ್ತಾ ಕೂತರೆ ಇವಳ ಕಥೆ ಮುಗಿಯುತ್ತದೆ ಅನ್ನಿಸಿತು. ಕೋಣೆ ಇಲ್ಲದಿದ್ದರೆ ಹಾಳಾಗಲಿ, ಮೊಗಸಾಲೆ ಇದೆಯಲ್ಲ.

ಆ ವಾರ ಒಂದು ಬೆಳಿಗ್ಗೆ ಎಕೋ ಯಂತ್ರದ ಪ್ಲಗ್ ಕಿತ್ತು, ನಾನೂ ನಮ್ಮ ಟೆಕ್ನಿಷಿಯನ್ ಹುಡುಗಿಯೂ ಸೇರಿ ಅದನ್ನು ತಳ್ಳಿಕೊಂಡು ಹೊರಗೆ ಬಂದೆವು. ಚಕ್ರವಿದ್ದರೂ ಆ ಯಂತ್ರ ಹಠಮಾರಿ ಎಮ್ಮೆಯ ಹಾಗೆ, ತನಗೆ ಬೇಕಾದ ಕಡೆಗೇ ತಿರುಗುತ್ತದೆ. ನಡು ರಸ್ತೆಯಲ್ಲಿ ಒಂದು ಚಕ್ರ ಗುಂಡಿಗೆ ಸಿಕ್ಕಿಕೊಂಡಿತು. ಎರಡೂ ಕಡೆ ಬಸ್ಸು, ಲಾರಿ, ಸ್ಕೂಟರು ನಿಂತವು.

"ಏನಮ್ಮಾ, ಬೆಳಿಗ್ಗೆ ಬೆಳಿಗ್ಗೆ ಫ್ರಿಜ್ ಮಾರೋಕೆ ಹೊರಟ್ರಾ?" ಎಂದು ಕೂಗಿದ ಒಬ್ಬ ಬಸ್ ಡ್ರೈವರ್.

"ನಿನ್ ಎದೆ ನೋಡೋಕೆ ಕಣಪ್ಪಾ! ಇಳಿದು ಬಂದು ಒಂದು ಕೈ ಹಾಕು!"

ಅವನು ಇಳಿದು ಬಂದ. ಅವನ ಹಿಂದೆ ಕಂಡಕ್ಟರೂ ಬಂದ. ಹಾರ್ನುಗಳ ನಡುವೆ ಯಂತ್ರ ಮೇಲೆದ್ದು ಕ್ಯಾನ್ಸರ್ ಕಟ್ಟಡದ ಇಳಿಜಾರು ಹತ್ತಿತು. ಡ್ರಿಪ್ ಹಾಲಿನ ಹೊರಗೆ, ಮೂಲೆ ಕೋಣೆಯ ಬೀಗ ಹಾಕಿದ ಬಾಗಿಲಿಗೆ ಬೆನ್ನು ಮಾಡಿ ಅದನ್ನು ನಿಲ್ಲಿಸಿದೆ. ಎರಡು ಡ್ರಿಪ್ ಸ್ಟ್ಯಾಂಡುಗಳ ನಡುವೆ ಬೆಡ್‌ಶೀಟ್ ಕಟ್ಟಿದೆ. ಹಿಂದೆ ಒಂದು ಮಂಚ, ಮುಂದೆ ನನ್ನ ಮುರಿದ ಚಕ್ರದ ಕುರ್ಚಿ. ಹೃದಯ ವಿಭಾಗದ ಶಾಖೆ ತೆರೆಯಿತು. ಉದ್ಘಾಟನೆಗೆ ಯಾರನ್ನೂ ಕರೆದಿರಲಿಲ್ಲ.

ಸಾಹೇಬರಿಗೆ ಸುದ್ದಿ ಹೋಗುವಷ್ಟರಲ್ಲಿ ನಾನು ಆಗಲೇ ನಾಲ್ಕೈದು ಜನರ ಹೃದಯ ನೋಡಿದ್ದೆ. ಹಾಲಿನಲ್ಲಿ ಸಾಲಾಗಿ ಒರಗು ಕುರ್ಚಿಗಳು, ಪ್ರತಿ ಕುರ್ಚಿಯ ಪಕ್ಕ ಮನೆಯವರಿಗೆಂದು ಒಂದು ಪ್ಲಾಸ್ಟಿಕ್ ಸ್ಟೂಲು. ಟೋಪಿ ಹಾಕಿದವರು, ಬೋಳುತಲೆಯಲ್ಲೇ ಕೂತವರು, ನಿದ್ದೆ ಹೋದವರು. ಮರುದಿನ ಬೀಗದಕ್ಕನೂ ಬಂದಳು. ಡ್ರಿಪ್ ನಿಂತಿದ್ದರೂ ರಕ್ತ ಪರೀಕ್ಷೆಗೆ ಬರಬೇಕಿತ್ತು. ಅತ್ತೆ ಚೀಲ ಹೊತ್ತು ಹಿಂದೆ ಇತ್ತು. ನನ್ನನ್ನು ಕಂಡು ಇಬ್ಬರಿಗೂ ಆಶ್ಚರ್ಯ, ಅಂಗಡಿಯವನು ಮನೆ ಬಾಗಿಲಿಗೇ ಬಂದ ಹಾಗೆ.

ಆಗ ಹಾಲಿನ ಹಿರಿಯ ಸಿಸ್ಟರ್ ಬಂದು ನಡುವೆ ನಿಂತು ಚಪ್ಪಾಳೆ ತಟ್ಟಿದಳು. ದಿನಾ ಬೆಳಿಗ್ಗೆ ಅವಳದೊಂದು ಭಾಷಣ ಇರುತ್ತದಂತೆ. ನಾನು ಕೇಳುತ್ತಿದ್ದುದು ಅದೇ ಮೊದಲು.

"ಎಲ್ಲರೂ ಕೇಳಿಸಿಕೊಳ್ಳಿ! ಬಿಸಿನೀರು ಕುಡೀರಿ, ಜ್ವರ ಬಂದ್ರೆ ಫೋನ್ ಮಾಡಿ. ನಮ್ ಟ್ರೀಟ್‌ಮೆಂಟ್ ಮುಗಿಯೋವರೆಗೂ ಹೊರಗಿನ ಔಷಧಿ, ಹೊರಗಿನ ಮಾತ್ರೆ ಒಂದೂ ಮುಟ್ಟಬಾರದು. ಒಂದೂ! ಗೊತ್ತಾಯ್ತಾ?"

"ಗೊತ್ತಾಯ್ತು," ಎಂದಿತು ಹಾಲು ಶಾಲೆಯ ಮಕ್ಕಳ ಹಾಗೆ. ಬೀಗದಕ್ಕನ ಅತ್ತೆ ಎಲ್ಲರಿಗಿಂತ ಜೋರಾಗಿ ಹೇಳಿ, ಸೊಸೆಯ ತೋಳು ತಿವಿಯಿತು. "ಕೇಳಿಸ್ಕೊಂಡ್ಯಾ?"

ನನಗೆ ಅನುಮಾನ ಬಂತು. ಎದ್ದು ಹೋಗಿ ಬೀಗದಕ್ಕನ ಮುಂದೆ ಕೂತೆ.

"ನಾನ್ ಕೊಟ್ಟ ಮಾತ್ರೆ ತಗೊಳ್ತಿದೀರಾ?"

"ತಪ್ಪದೇ ತಗೊಳ್ತೀನಿ ಡಾಕ್ಟ್ರಮ್ಮ. ನಿಮ್ ಕಟ್ಟಡಕ್ಕೆ ಬರೋ ದಿನ ಬೆಳಿಗ್ಗೆ ಎದ್ದ ತಕ್ಷಣ ನುಂಗೋದೇ."

"ಉಳಿದ ದಿನ?"

ಅವಳು ನನ್ನ ಮುಖವನ್ನೇ ನೋಡಿದಳು. "ಉಳಿದ ದಿನ ಹೆಂಗ್ ತಗೊಳ್ಲಿ? ಇಲ್ಲಿ ಹೊರಗಿನ ಮಾತ್ರೆ ಮುಟ್ಟಬೇಡಿ ಅಂತಾರಲ್ಲ. ರಸ್ತೆ ಆಚೆಯವರು ಅಂದ್ರೆ ಹೊರಗಿನವರೇ ತಾನೆ?"

"ಯಾವತ್ತು ಇವರು ಡ್ರಿಪ್ ಮತ್ತೆ ಶುರು ಮಾಡ್ತಾರೋ ಗೊತ್ತಿಲ್ಲ," ಎಂದಿತು ಅತ್ತೆ. "ಅಷ್ಟರಲ್ಲಿ ಮೈಯಲ್ಲಿ ಬೇರೆ ಔಷಧಿ ಇದ್ದು, ಅದೇ ನೆಪ ಹೇಳಿ ಕೊಡದೇ ಹೋದ್ರೆ? ನಾನೇ ಚೀಲದಲ್ಲಿ ಭದ್ರವಾಗಿ ಇಟ್ಟಿದೀನಿ." ಚೀಲದೊಳಗೆ ಕೈ ಹಾಕಿ, ನಾನು ಬರೆದುಕೊಟ್ಟ ಮಾತ್ರೆಗಳ ಹಾಳೆಗಳನ್ನು ತೆಗೆದು ನನ್ನ ಮಡಿಲಿಗೆ ಹಾಕಿತು. ಒಂದೆರಡು ಗುಳ್ಳೆ ಒಡೆದಿದ್ದವು. ಉಳಿದದ್ದೆಲ್ಲ ಹೊಸದರ ಹಾಗೆ ಹೊಳೆಯುತ್ತಿತ್ತು.

ಔಷಧಿ ಬೇಕು ಎನ್ನುವ ಆಸೆಯಲ್ಲೇ ಅವರು ಔಷಧಿ ಬಿಟ್ಟಿದ್ದರು. ಎರಡೂ ಕಟ್ಟಡಗಳ ಮಾತನ್ನು ಚಾಚೂ ತಪ್ಪದೆ ಪಾಲಿಸಿದ್ದರು, ಆಯಾ ಕಟ್ಟಡಕ್ಕೆ ಹೋದ ದಿನ ಆಯಾ ಮಾತು. ಮಾತ್ರೆಗೆ ಬಗ್ಗದ ಹೃದಯ ಎಂದು ನಾವಿಬ್ಬರು ಡಾಕ್ಟರುಗಳು ತೀರ್ಪು ಕೊಟ್ಟ ಹೃದಯಕ್ಕೆ ಮಾತ್ರೆಯೇ ಸೇರಿರಲಿಲ್ಲ. ಯಾರನ್ನು ಬೈಯಬೇಕೋ ತಿಳಿಯಲಿಲ್ಲ. ಎದ್ದು ಹಾಲಿನ ಕಡೆ ತಿರುಗಿದೆ.

"ಇಲ್ಲಿ ಇನ್ಯಾರು ಹೀಗೆ ಮಾಡಿದೀರಾ? ಬಿಪಿ ಮಾತ್ರೆ, ಹೃದಯದ ಮಾತ್ರೆ ನಿಲ್ಲಿಸಿದವರು ಕೈ ಎತ್ತಿ. ಹೆದರಬೇಡಿ, ನಾನ್ ಬೈಯಲ್ಲ."

ಮೊದಲು ಯಾರೂ ಎತ್ತಲಿಲ್ಲ. ಕಿಟಕಿ ಪಕ್ಕದ ತಾತ ಡ್ರಿಪ್ ಇಲ್ಲದ ಕೈಯನ್ನು ಮೆಲ್ಲಗೆ ಎತ್ತಿದರು. ಅವರ ಎದುರಿನ ಹೆಂಗಸು ಎತ್ತಿದಳು. ಮತ್ತೊಬ್ಬರು, ಅವರ ಪಕ್ಕದವರು. ನಿದ್ದೆ ಹೋಗಿದ್ದವನ ಕೈಯನ್ನು ಅವನ ಅಕ್ಕ ಹಿಡಿದೆತ್ತಿದಳು. ಹಾಲಿನ ತುಂಬ ಕೈಗಳು. ಸಿಸ್ಟರ್ ನನ್ನ ಹತ್ತಿರ ಬಂದಳು. "ಯಾರೋ ಬೇರಿನ ಪುಡಿ ತಿಂದು ಲಿವರ್ ಕೆಡಿಸ್ಕೊಂಡ್ರು ಅಂತ ನಾನ್ ಹಾಗ್ ಹೇಳ್ತಿದ್ದೆ ಮೇಡಂ," ಎಂದಳು. "ಪುಡಿ, ಕಷಾಯ ಅಂತ ಅವರಿಗೇ ಅರ್ಥ ಆಗುತ್ತೆ ಅಂದ್ಕೊಂಡಿದ್ದೆ."

ಅದೇ ಹೊತ್ತಿಗೆ ದೊಡ್ಡ ಡಾಕ್ಟರು ಬಾಗಿಲಿಗೆ ಬಂದರು. ಹಿಂದೆ ನೋಡೋಣ ಸಾಹೇಬರು, ನನ್ನ ಯಂತ್ರವನ್ನು ನಮ್ಮ ಕಟ್ಟಡಕ್ಕೆ ವಾಪಸ್ ತಳ್ಳಿಸಲು. ಇಬ್ಬರೂ ಎತ್ತಿದ ಕೈಗಳನ್ನು ನೋಡುತ್ತಾ ನಿಂತುಬಿಟ್ಟರು.

"ಇದೇನು, ಓಟು ಹಾಕಿಸ್ತಿದೀರಾ?" ಎಂದರು ಸಾಹೇಬರು.

"ಹೌದು," ಎಂದೆ. "ಕೋಣೆಗೆ."

ದೊಡ್ಡ ಡಾಕ್ಟರು ಸಿಸ್ಟರ್ ಹತ್ತಿರ ಎಲ್ಲ ಕೇಳಿದರು. ಮಾತ್ರೆ ಹಾಳೆಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಬೆಡ್‌ಶೀಟಿನ ಹಿಂದಕ್ಕೆ ನನ್ನನ್ನು ಕರೆದು ತಗ್ಗಿದ ದನಿಯಲ್ಲಿ ಹೇಳಿದರು: "ಇದೇ ಔಷಧಿ ಕೊಡುವಾಗ ನನ್ನ ಕೈಯಲ್ಲಿ ಒಬ್ಬಳು ಟೀಚರ್ ಹೋದಳು ಮೇಡಂ. ಹೃದಯ ನಿಂತು. ಅವಳ ಕ್ಯಾನ್ಸರ್ ಪೂರ್ತಿ ವಾಸಿಯಾಗಿತ್ತು. ಅವಳ ತಾಯಿ ನನ್ನ ಮುಖಾನೇ ನೋಡಲಿಲ್ಲ. ಆವತ್ತಿಂದ ಐವತ್ತು ಅನ್ನೋ ಗೆರೆ ನಾನ್ ದಾಟಿಲ್ಲ."

ಈ ಮನುಷ್ಯನನ್ನು ಇಷ್ಟು ದಿನ ಕಲ್ಲು ಎಂದುಕೊಂಡಿದ್ದೆ. ಹೆದರಿದವನ ಜೊತೆ ಜಗಳವಾಡಿ ಪ್ರಯೋಜನವಿಲ್ಲ, ಅವನ ಪಕ್ಕ ನಿಲ್ಲಬೇಕು. "ಒಂದು ತಿಂಗಳು ಕೊಡಿ," ಎಂದೆ. "ನಿಜವಾಗಿ ಮಾತ್ರೆ ತಗೊಂಡ ಒಂದು ತಿಂಗಳು. ಆಮೇಲೆ ನೀವೇ ಪಕ್ಕದಲ್ಲಿ ನಿಂತು ನೋಡಿ." ಅವರು ತಲೆಯಾಡಿಸಿದರು. ಸಾಹೇಬರ ಕಡೆ ತಿರುಗಿ, "ಯಂತ್ರ ಸದ್ಯಕ್ಕೆ ಇಲ್ಲೇ ಇರಲಿ," ಎಂದರು. ಸಾಹೇಬರು ನೋಡೋಣ ಎಂದು ಹೊರಟು ಹೋದರು.

ಬೀಗದಕ್ಕ ಎಕೋ ಮಾಡಿಸಿಕೊಂಡು ರವಿಕೆ ಗುಂಡಿ ಹಾಕಿಕೊಳ್ಳುತ್ತಾ ಬೆಡ್‌ಶೀಟನ್ನು ನೋಡಿದಳು. ಗಾಳಿಗೆ ಅದು ಹಾರಿ, ಮೊಗಸಾಲೆಯಲ್ಲಿ ಹೋಗುವವರೆಲ್ಲ ಇಣುಕುತ್ತಿದ್ದರು.

"ಹಿಂದೆ ಕೋಣೆ ಇಟ್ಕೊಂಡು ಇದೇನ್ ಡಾಕ್ಟ್ರಮ್ಮ, ಬೀದಿ ನಾಟಕ?"

"ಅದರ ಕೀ ಕಳೆದುಹೋಗಿದೆಯಂತೆ."

ಅವಳು ನನ್ನನ್ನು ನೋಡಿದಳು. ಅತ್ತೆಯನ್ನು ನೋಡಿದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದರು. ಮುದುಕಿ ಚೀಲದಿಂದ ಬಟ್ಟೆ ಸುತ್ತಿದ ಕಡ್ಡಿಗಳ ಗಂಟು, ಎಣ್ಣೆ ಬಾಟಲಿ ತೆಗೆದು ಕೊಟ್ಟಿತು. ಬೀಗದಕ್ಕ ನೆಲದ ಮೇಲೆ ಕೂತು, ಹಸಿರು ಹಿಡಿದ ಹಿತ್ತಾಳೆ ಬೀಗಕ್ಕೆ ಎಣ್ಣೆ ಬಿಟ್ಟು, ಕಿವಿ ಹತ್ತಿರ ತಂದು, ಕಡ್ಡಿ ಆಡಿಸಿದಳು. ಎಡಗೈ ಎತ್ತಿದರೆ ಹಳೆಯ ಹೊಲಿಗೆಯ ಜಾಗ ಎಳೆಯುತ್ತದೆಂದು ಬೀಗವನ್ನು ಮುದುಕಿಯೇ ಹಿಡಿದುಕೊಂಡಿತ್ತು. ಕಟಕ್ ಎಂದಿತು. ಬಾಗಿಲು ತೆಗೆದರೆ ಕಾಲು ಮುರಿದ ಕುರ್ಚಿಗಳು, ಹರಿದ ಹಾಸಿಗೆ, ಧೂಳು. ಎಲ್ಲರೂ ಸೇರಿ ಹೊರಗೆ ಹಾಕಿದೆವು. ಸಿಸ್ಟರ್ ತಾನೇ ನೆಲ ಒರೆಸಿದಳು, ಯಾರು ಬೇಡವೆಂದರೂ ಕೇಳಲಿಲ್ಲ.

ಆ ತಿಂಗಳು ಮುದುಕಿ ಸೊಸೆಗೆ ಮಾತ್ರೆ ನುಂಗಿಸಿ ಬಾಯಿ ತೆಗೆಸಿ ನೋಡುತ್ತಿತ್ತಂತೆ. ಬೇಸತ್ತ ಬೀಗದಕ್ಕ ಫೋನ್ ಮಾಡಿ, "ನಿಮ್ ಮಾತ್ರೆಗಿಂತ ನಮ್ ಅತ್ತೆಯೇ ಜಾಸ್ತಿ ಸ್ಟ್ರಾಂಗ್," ಎಂದಳು. ಮೂಲೆ ಕೋಣೆಗೆ ಜನ ಬರುತ್ತಲೇ ಇದ್ದರು. ಕಿಟಕಿ ಪಕ್ಕದ ತಾತನ ಬಿಪಿ ಹದಕ್ಕೆ ಬಂತು. ಸಿಸ್ಟರಿನ ಬೆಳಗಿನ ಭಾಷಣ ಉದ್ದವಾಯಿತು, ಯಾವುದು ಬಿಡಬೇಕು, ಯಾವುದನ್ನು ಸತ್ತರೂ ಬಿಡಬಾರದು ಎಂದು ಅವಳು ಬಿಡಿಸಿ ಬಿಡಿಸಿ ಹೇಳುತ್ತಿದ್ದಳು.

ತಿಂಗಳ ಕೊನೆಗೆ ಬೀಗದಕ್ಕ ಎಡ ಮಗ್ಗುಲಿಗೆ ಮಲಗಿದಳು. ದೊಡ್ಡ ಡಾಕ್ಟರು ನನ್ನ ಹೆಗಲ ಹಿಂದೆ ನಿಂತರು. ತೆರೆಯ ಮೇಲೆ ಆ ಹೃದಯ ಬಿಗಿಯಾಗಿ ಹಿಂಡುತ್ತಿತ್ತು, ಬಿಡುತ್ತಿತ್ತು. ನೋಡುತ್ತಲೇ ನನಗೆ ಖುಷಿಯಾಯಿತು. ಅಳತೆ ಹಾಕಿದೆ. ಮತ್ತೆ ಹಾಕಿದೆ. ನಲವತ್ತೆಂಟು.

"ಐವತ್ತಿಲ್ಲ," ಎಂದರು ದೊಡ್ಡ ಡಾಕ್ಟರು.

"ನಲವತ್ತೆರಡರಿಂದ ಬಂದಿದೆ. ಏರ್ತಾ ಇರೋ ಹೃದಯ ಇದು. ಮಾತ್ರೆ ಕೊಟ್ಟು, ಪಕ್ಕದಲ್ಲಿ ಕಾವಲು ಕೂತು, ಇದಕ್ಕಿಂತ ಕಡಿಮೆ ಇರೋರಿಗೂ ಈ ಔಷಧಿ ಕೊಟ್ಟಿದಾರೆ. ನಿಮಗೂ ಗೊತ್ತು."

"ಗೆರೆ ಅಂದ್ರೆ ಗೆರೆ ಮೇಡಂ."

ಬೀಗದಕ್ಕ ಎದ್ದು ಕೂತಳು. ಎದೆಯ ಮೇಲಿನ ಜೆಲ್ ಒರೆಸಿಕೊಳ್ಳುವುದನ್ನೂ ಮರೆತಿದ್ದಳು. "ಸಾರ್, ಹೃದಯ ನಂದು. ಗಡ್ಡೆ ಬಂದಿದ್ದೂ ನಂಗೇ. ನಿಮ್ ಗೆರೆ ಈಚೆ ಕೂತ್ಕೊಂಡು ಗಡ್ಡೆ ವಾಪಸ್ ಬರೋದನ್ನ ಕಾಯ್ತಾ ಇರು ಅಂದ್ರೆ ನಾನ್ ಕಾಯಲ್ಲ. ಏನಾಗಬಹುದು ಅಂತ ಡಾಕ್ಟ್ರಮ್ಮ ಬಿಡಿಸಿ ಹೇಳಿದಾರೆ. ಎಲ್ಲಾ ತಿಳಿದೇ ಕೇಳ್ತಿದೀನಿ. ಆ ಟೀಚರ್ ಪಕ್ಕದಲ್ಲಿ ಹೃದಯ ನೋಡೋರು ಯಾರಿದ್ರು ಆವತ್ತು?"

ಬೆಡ್‌ಶೀಟಿನ ಹಿಂದೆ ಪಿಸುಗುಟ್ಟಿದ್ದೆಲ್ಲ ಇವಳ ಕಿವಿಗೆ ಬಿದ್ದಿತ್ತೆಂದು ನನಗೂ ಆಗಲೇ ತಿಳಿದಿದ್ದು. ದೊಡ್ಡ ಡಾಕ್ಟರು ನನ್ನ ಕಡೆ ತಿರುಗಿ ಕೇಳಿದರು, "ನೀವು ಇಲ್ಲೇ ಇರ್ತೀರಾ?"

"ಇಲ್ಲೇ. ಕುರ್ಚಿ ಬಿಟ್ಟು ಏಳಲ್ಲ."

"ಯಂತ್ರ ಪಕ್ಕದಲ್ಲಿರಬೇಕು. ಯಂತ್ರ ಇಲ್ಲದೆ ನಾನು ಒಂದು ಹನೀನೂ ಬಿಡಲ್ಲ."

ಮುಂದಿನ ವಾರವೇ ದಿನ ಗೊತ್ತಾಯಿತು. ಆ ಬೆಳಿಗ್ಗೆ ಬೀಗದಕ್ಕ ಒರಗು ಕುರ್ಚಿಯಲ್ಲಿ ಕೂತಳು. ಎಡಗಡೆ ಆಪರೇಷನ್ ಆದದ್ದರಿಂದ ಸಿಸ್ಟರ್ ಸೂಜಿಯನ್ನು ಬಲಗೈಗೆ ಚುಚ್ಚಿ, ಅಲುಗಾಡದಂತೆ ಪಟ್ಟಿ ಸುತ್ತಿದಳು. ಔಷಧಿ ಬೆರೆಸಿದ ಬಾಟಲಿ ಬಂತು. ಒಮ್ಮೆ ಬೆರೆಸಿದರೆ ಅದನ್ನು ನಾಳೆಗೆಂದು ಇಡುವ ಹಾಗಿಲ್ಲ. ನಾನು ಯಂತ್ರ ತರಲು ಮೂಲೆ ಕೋಣೆಗೆ ಹೋದೆ.

ಬಾಗಿಲಿಗೆ ಹೊಸ ಬೀಗ. ಫಳಫಳ ಹೊಳೆಯುವ ಉಕ್ಕಿನ ಬೀಗ.

ಮಧ್ಯಾಹ್ನ ಯಾರೋ ಗಣ್ಯರು ಆಸ್ಪತ್ರೆ ನೋಡಲು ಬರುವವರಿದ್ದರಂತೆ. ಸಾಹೇಬರು ಬೆಳಿಗ್ಗೆಯೇ ಬಂದು, ಯಂತ್ರ ಒಳಗೇ ಇರುವಂತೆ ಬೀಗ ಜಡಿಸಿ, ಬೀಗದ ಕೈ ಜೇಬಿಗೆ ಹಾಕಿಕೊಂಡು, ಅವರನ್ನು ಕರೆತರಲು ಹೋಗಿದ್ದರು. ಫೋನ್ ಆಫ್. ನಮ್ಮ ಕಟ್ಟಡದ ಇನ್ನೊಂದು ಯಂತ್ರ ಆಪರೇಷನ್ ಕೋಣೆಯಲ್ಲಿತ್ತು. ನಾನು ಬಾಗಿಲಿಗೆ ಒದ್ದೆ. ನೋವಾದದ್ದು ನನ್ನ ಕಾಲಿಗೆ.

"ಇವತ್ತು ಬೇಡ ಬಿಡಿ," ಎಂದರು ದೊಡ್ಡ ಡಾಕ್ಟರು. ಅವರ ಮುಖದಲ್ಲಿ ಸ್ವಲ್ಪ ನಿರಾಳ ಕಂಡಿತು. ಇವತ್ತು ತಪ್ಪಿದರೆ ಇವರು ಮತ್ತೆ ಗೆರೆಯ ಹಿಂದೆ ಸೇರಿಕೊಳ್ಳುತ್ತಾರೆ ಎಂದು ನನಗೆ ಖಂಡಿತವಾಗಿ ಗೊತ್ತಿತ್ತು.

ಬೀಗದಕ್ಕ ಕೂತಲ್ಲಿಂದಲೇ ಕೇಳಿದಳು, "ಯಾವ ಬೀಗ? ತೋರಿಸಿ." ನಾನು ಫೋನಿನಲ್ಲಿ ಫೋಟೋ ತೆಗೆದು ತಂದೆ. "ಒಳಗೆ ಐದು ಪಿನ್ ಇರೋ ಬೀಗ ಇದು. ಸೂಜಿ ಕೀಳಿ ಸಿಸ್ಟರ್, ನಾನ್ ತೆಗೀತೀನಿ."

"ಕಿತ್ರೆ ಇನ್ನೊಂದು ನರ ಸಿಗೋದು ಕಷ್ಟ," ಎಂದಳು ಸಿಸ್ಟರ್. "ಈ ನರಕ್ಕೇ ಅಷ್ಟು ಹುಡುಕಿದೀನಿ."

"ನೀನ್ ಕೂತ್ಕೋ," ಎಂದಿತು ಮುದುಕಿ. ಚೀಲದಿಂದ ಗಂಟು ತೆಗೆದು, ಸೀದಾ ಬಾಗಿಲ ಮುಂದೆ ಹೋಗಿ ಮೊಣಕಾಲೂರಿತು.

"ಅತ್ತೆ! ನಿಮಗೆ ಬರಲ್ಲ, ಕಡ್ಡಿ ಒಳಗೇ ಮುರಿದುಹೋಗುತ್ತೆ!" ಎಂದು ಕೂಗಿದಳು ಬೀಗದಕ್ಕ. ಹಾಲಿನ ಬಾಗಿಲು ತೆರೆದಿದ್ದರಿಂದ ಅವಳ ಕುರ್ಚಿಯಿಂದ ಮೂಲೆ ಕೋಣೆ ಕಾಣುತ್ತಿತ್ತು. "ಮೊದ್ಲು ಬಾಗಿದ ಕಡ್ಡಿ ಹಾಕಿ. ಬಿಗಿ ಹಿಡೀಬೇಡಿ, ಸ್ವಲ್ಪಾನೇ..."

"ಗೊತ್ತು, ಸುಮ್ನಿರೇ."

"ಗೊತ್ತಾ? ಯಾವಾಗಿಂದ? ಹೆಂಗಸರ ಕೆಲಸ ಅಲ್ಲ ಅಂತ ಮಾವನ ಹತ್ರ ನನ್ನ ಬೈಸಿದೋರು ನೀವು!"

"ನೀನ್ ಆಪರೇಷನ್ ಆಗಿ ಮನೇಲಿ ಮಲಗಿದ್ಯಲ್ಲ, ಅಂಗಡಿ ಯಾರ್ ನೋಡ್ತಿದ್ರು ಅಂದ್ಕೊಂಡೆ? ಗಿರಾಕಿ ಬಂದ್ರೆ ವಾಪಸ್ ಕಳಿಸ್ಲಾ? ನೀನ್ ಮಾಡೋದನ್ನ ಇಷ್ಟು ವರ್ಷ ಕದ್ದು ನೋಡಿದ್ದೆ." ಮುದುಕಿ ತಿರುಗಿಯೂ ನೋಡಲಿಲ್ಲ. "ಇಲ್ಲಿ ಕತ್ತಲೆ. ಯಾರಾದ್ರೂ ಬೆಳಕು ಹಿಡೀರಿ."

ನಾನು ಫೋನಿಗೆ ತಡಕಾಡುವಷ್ಟರಲ್ಲಿ ಯಾರೋ ಮುಂದೆ ಬಂದರು. ರೋಗಿಗಳ ಗಂಟಲು ನೋಡುವ ಸಣ್ಣ ಟಾರ್ಚು ಹೊತ್ತಿಸಿ, ಮುದುಕಿಯ ಪಕ್ಕದಲ್ಲಿ ದೊಡ್ಡ ಡಾಕ್ಟರು ಕುಕ್ಕರುಗಾಲಲ್ಲಿ ಕೂತರು. ಬೆಳಕು ಅಲ್ಲಾಡುತ್ತಿತ್ತು. "ಕೈ ನಡುಗಿಸಬೇಡಿ ಸಾರ್," ಎಂದಿತು ಮುದುಕಿ. ಅವರು ಇನ್ನೊಂದು ಕೈಯಿಂದ ಮಣಿಕಟ್ಟು ಹಿಡಿದುಕೊಂಡರು.

ಕಿಟಕಿ ಪಕ್ಕದ ತಾತ ಡ್ರಿಪ್ ಸ್ಟ್ಯಾಂಡ್ ತಳ್ಳಿಕೊಂಡು ಎದ್ದು ಬಂದಿದ್ದರು. ನಾನು ಬೀಗದಕ್ಕನ ನಾಡಿ ಹಿಡಿದೆ, ಅದು ಓಡುತ್ತಿತ್ತು, ಆದರೆ ತಾಳ ತಪ್ಪಿರಲಿಲ್ಲ. ಅವಳ ಕಣ್ಣಲ್ಲಿ ನೀರು ತುಂಬಿತ್ತು. "ಕದ್ದು ಕಲಿತಿದ್ದಾರೆ ಡಾಕ್ಟ್ರಮ್ಮ, ಕಳ್ಳಿ," ಎಂದು ಪಿಸುಗುಟ್ಟಿದಳು.

ಬೀಗ ಬಿಚ್ಚಿಕೊಂಡಿತು. ಹಾಲಿಗೆ ಹಾಲೇ ಹೋ ಎಂದಿತು. ಚಪ್ಪಾಳೆ ತಟ್ಟಲು ಎರಡೂ ಕೈ ಬಿಡುವಿಲ್ಲದವರು ಸ್ಟೂಲು ಬಡಿದರು. ಯಂತ್ರ ಹೊರಬಂತು, ನನ್ನ ಕುರ್ಚಿಯೂ ಬಂತು. ದೊಡ್ಡ ಡಾಕ್ಟರು ಮೊಣಕಾಲಿನ ಧೂಳನ್ನೂ ಕೊಡವದೆ ಬಂದು, ತಮ್ಮ ಕೈಯಾರೆ ಡ್ರಿಪ್ಪಿನ ಚಕ್ರ ತಿರುಗಿಸಿದರು. ಮೊದಲ ಹನಿ ಬಿತ್ತು. ಮುಗಿಯುವವರೆಗೆ ಅವರು ಕುರ್ಚಿಯ ಒಂದು ಪಕ್ಕ, ನಾನು ಇನ್ನೊಂದು ಪಕ್ಕ. ಮಧ್ಯಾಹ್ನ ಗಣ್ಯರು ಬಂದಾಗ 'ಸದ್ದು ಮಾಡಬೇಡಿ' ಎಂದು ಅವರನ್ನು ಹೊರಗೆ ಕಳಿಸಿದ್ದೂ ದೊಡ್ಡ ಡಾಕ್ಟರೇ.

ಮೂರು ವಾರದ ಮೇಲೆ ಬೀಗದಕ್ಕ ಎರಡನೇ ಡ್ರಿಪ್ಪಿಗೆ ಬಂದಳು. ಅಂಕಿ ಇಳಿದಿರಲಿಲ್ಲ, ಕೂದಲೆಳೆಯಷ್ಟು ಏರಿಯೂ ಇತ್ತು. ಅತ್ತೆ ಚೀಲದಿಂದ ಒಂದು ಗೊಂಚಲು ಬೀಗದ ಕೈ ತೆಗೆಯಿತು. ಆವತ್ತು ಉಕ್ಕಿನ ಬೀಗವನ್ನು ಮನೆಗೇ ಒಯ್ದು ಕೊರೆದದ್ದು. ನನಗೊಂದು, ಸಿಸ್ಟರಿಗೊಂದು, ದೊಡ್ಡ ಡಾಕ್ಟರಿಗೊಂದು, ಕಿಟಕಿ ಪಕ್ಕದ ತಾತನಿಗೂ ಒಂದು. ಅದೇ ಹೊತ್ತಿಗೆ ಬಂದ ನೋಡೋಣ ಸಾಹೇಬರನ್ನು ಕಂಡು ಬೀಗದಕ್ಕ ಕೂತಲ್ಲಿಂದಲೇ ಕರೆದು, ಕೊನೆಯದನ್ನು ಅವರ ಕೈಗಿಟ್ಟಳು.

"ಇದು ನಿಮಗೆ ಸಾಹೇಬ್ರೇ. ಎದೆ ನೋವು ಗೀವು ಬಂದ್ರೆ ಬಾಗಿಲ ಹೊರಗೆ ನಿಲ್ಲೋ ಹಾಗಾಗಬಾರದು. ಇನ್ನೊಂದು ಬೀಗ ತಂದ್ರೆ ಮೊದ್ಲೇ ಅಂಗಡಿಗೆ ಕಳಿಸಿಕೊಡಿ."

ಸಾಹೇಬರು ಅಂಗೈಯಲ್ಲಿದ್ದ ಬೀಗದ ಕೈಯನ್ನೂ, ತೆರೆದ ಬಾಗಿಲನ್ನೂ, ಒಳಗೆ ಸರದಿ ಕಾಯುತ್ತಿದ್ದವರನ್ನೂ ನೋಡಿದರು. ರೂಢಿಯಂತೆ ಬಾಯಿಂದ ಬಂದೇಬಿಟ್ಟಿತು: "ನೋಡೋಣ."

"ನೀವ್ ನೋಡ್ತಾ ಇರಿ ಸ್ವಾಮಿ," ಎಂದಿತು ಮುದುಕಿ. "ನಾವು ತೆಗೀತಾ ಇರ್ತೀವಿ."

ನಾನು ಮುಂದಿನವರನ್ನು ಒಳಗೆ ಕರೆದೆ.